ಓದದೆ ಬಿಟ್ಟ ವಾಕ್ಯ

ಡೊಂಬಿವಲಿ ಪೂರ್ವ
18 ಆಗಸ್ಟ್ 2016

ಪ್ರೀತಿಯ ಶ್ರೀಲಕ್ಷ್ಮಿ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಯಜ್ಞೇಶ್ವರಣ್ಣ ಹೋಗಿ ಇನ್ನೂ ನಲವತ್ತು ದಿನವಾಗಿಲ್ಲ.

ಕನ್ನಡ ಸಂಘದ ಸಂಚಿಕೆಗೆ ನಿನ್ನ ಯಜಮಾನರ ಬಗ್ಗೆ ಎರಡು ಪುಟ ಬರೆದುಕೊಡು ಎಂದು ಕೇಳಿದ್ದೆಯಲ್ಲ, ಮೂರು ಸಲ ಕೂತೆ. ಹತ್ತು ವರ್ಷದಿಂದ ಕೇಬಲ್ಲು, ಬ್ರಾಡ್‌ಬ್ಯಾಂಡು ಎಂದು ಇಂಗ್ಲಿಷ್ ಪತ್ರಿಕೆಗಳಿಗೆ ಬರೆದೇ ಬದುಕಿದವಳು ನಾನು. ಆದರೂ ಅವರ ಹೆಸರು ಬರೆದು ಮುಂದೆ ಹೋಗಲಾಗಲಿಲ್ಲ. ಯಾಕೆಂದು ನಿನಗೆ ಹೇಳದೆ ಇನ್ನು ಒಂದಕ್ಷರವನ್ನೂ ಬರೆಯಲಾರೆ.

2006ರಲ್ಲಿ ನನ್ನ ಮಗಳು ಪ್ರಕೃತಿ ಕಾಲು ಮುರಿದುಕೊಂಡು ಮಲಗಿದ್ದಳು. ಅವಳನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಠಾಣೆ ಪಟ್ಟಣದ ಆಫೀಸಿನ ಕೆಲಸ ಬಿಟ್ಟು ಮನೆಯಿಂದಲೇ ಬರೆಯುತ್ತೇನೆಂದು ಹೊರಟೆ. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ನಮ್ಮ ಕಟ್ಟಡದವರೆಗೆ ಆಗ ಯಜ್ಞೇಶ್ವರಣ್ಣನ ಕೇಬಲ್ ಲೈನೂ ಬಂದಿರಲಿಲ್ಲ. ನೀನು ಒಂದು ಮಾತು ಹೇಳಿದ್ದಕ್ಕೆ ಭಾನುವಾರ ಬೆಳಿಗ್ಗೆ ಠಾಕುರ್ಲಿಯಿಂದ ಹೆಗಲ ಮೇಲೆ ಕೇಬಲಿನ ಸುರುಳಿ ಹೊತ್ತು ಬಂದರು. ಮೂರು ಟೆರೇಸು ದಾಟಿಸಿ, ನೀರಿನ ಟ್ಯಾಂಕಿಗೆ ಬಿಗಿದು, ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ತಂದರು. ಪ್ರಕೃತಿಯ ಪ್ಲಾಸ್ಟರಿನ ಮೇಲೆ ಪೆನ್ನಿನಿಂದ ಒಂದು ಟೀವಿ ಬರೆದು ಅವಳನ್ನು ನಗಿಸಿ ಹೋದರು.

ಮಳೆಗಾಲದಲ್ಲಿ ಆ ಲೈನು ಹತ್ತು ಸಲ ಕೆಡುತ್ತಿತ್ತು. ಹತ್ತು ಸಲವೂ ಬಂದರು. ಕಾಫಿ ಕುಡಿಯುತ್ತ ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದರು: ಒಂದು ಡಬ್ಬಿಯಿಂದ ಎಷ್ಟು ಮನೆಗೆ ಲೈನು ಹೋಗುತ್ತದೆ, ಹೊಸ ಸೆಟ್‌ಟಾಪ್ ಬಾಕ್ಸು ಬಂದರೆ ಅವರಂಥವರಿಗೆ ಏನು ಉಳಿಯುತ್ತದೆ, ದೊಡ್ಡ ಕಂಪನಿಯವರು ಎಲ್ಲೆಲ್ಲಿ ಅಗೆಯುತ್ತಿದ್ದಾರೆ. ನಾನು ಕಲಿತದ್ದೆಲ್ಲ ಹಾಗೆಯೇ.

2013ರಲ್ಲಿ ಒಂದು ಪತ್ರಿಕೆಯ ವಿಶೇಷ ಸಂಚಿಕೆಗೆ ಲೇಖನ ಕೇಳಿದರು. ಗಲ್ಲಿಯ ಕೇಬಲಿನವರ ಕಾಲ ಮುಗಿಯಿತು ಎಂದು ಬರೆದೆ. ಹೆಸರಿಲ್ಲದೆ ಅಚ್ಚಾಯಿತು. ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ, ಶ್ರೀಲಕ್ಷ್ಮಿ. ಟ್ಯಾಂಕಿಗೆ ಕಟ್ಟಿದ ವೈರು, ಮಳೆಗೆ ಸಾಯುವ ಲೈನು, ರಸೀದಿ ಇಲ್ಲದ ವಸೂಲಿ, ಎಲ್ಲ ನಿಜ. ಜೊತೆಗೆ ಒಂದು ವಾಕ್ಯ ಬರೆದಿದ್ದೆ: 'ಇವರು ಮಾರುವುದು ಸೇವೆಯನ್ನಲ್ಲ, ಸಲುಗೆಯನ್ನು.' ಸಂಪಾದಕರು ಅದನ್ನು ಬಹಳ ಮೆಚ್ಚಿದರು. ನಾನೂ ಹಿಗ್ಗಿದೆ.

ಎರಡು ವಾರದ ಮೇಲೆ ಯಜ್ಞೇಶ್ವರಣ್ಣ ನಮ್ಮ ಮನೆಗೆ ಬಂದರು. ಕೈಯಲ್ಲಿ ಅದೇ ಲೇಖನದ ಝೆರಾಕ್ಸ್. ನಮ್ಮ ಸೊಸೈಟಿಯ ಸೆಕ್ರೆಟರಿ, "ಪಢ್ ಲೋ, ಅಬ್ ತುಮ್ಹಾರಾ ಜಮಾನಾ ಗಯಾ", ಓದಿಕೋ, ನಿನ್ನ ಕಾಲ ಮುಗಿಯಿತು, ಎಂದು ಅವರ ಕೈಗೆ ತುರುಕಿದ್ದನಂತೆ.

"ವೇದಕ್ಕ, ನನ್ನ ಇಂಗ್ಲಿಷು ನಿಮಗೆ ಗೊತ್ತುಂಟಲ್ಲ. ಇದರಲ್ಲಿ ಎಂತ ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ" ಅಂದರು.

ಓದಿದೆ. ನನ್ನದೇ ಮಾತುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಅವರಿಗೆ ಹೇಳಿದೆ. ಆ ಒಂದು ವಾಕ್ಯ ಬಂದಾಗ ಹಾರಿಸಿ ಮುಂದಕ್ಕೆ ಹೋದೆ. ಅವರು ಚೂರೂ ಅಲ್ಲಾಡದೆ ಕೇಳಿದರು.

"ಬರೆದವನಿಗೆ ನಮ್ಮ ಕೆಲಸ ಲಾಯ್ಕ ಗೊತ್ತುಂಟು. ಸುಳ್ಳೇನೂ ಇಲ್ಲ. ಆದ್ರೆ ಮಳೆಯಲ್ಲಿ ನಾವು ಟೆರೇಸ್ ಹತ್ತುದನ್ನು ಬರೀಲಿಲ್ಲ ನೋಡಿ" ಅಂದರು. ಆಮೇಲೆ ಸಂಕೋಚದಿಂದ, "ನೀವೊಂದು ಉತ್ತರ ಬರೆದು ಹಾಕಬಹುದಾ?" ಎಂದು ಕೇಳಿದರು.

ಬರೆಯುತ್ತೇನೆ ಅಂದೆ. ಬರೆಯಲಿಲ್ಲ.

ಆ ತಿಂಗಳೇ ನಮ್ಮ ಸೊಸೈಟಿಯ ಲೈನು ಕಂಪನಿಯ ಪಾಲಾಯಿತು. ಅದನ್ನು ನೋಡಿ ಸುತ್ತಲಿನ ಏಳು ಕಟ್ಟಡಗಳೂ ಕೈಬಿಟ್ಟವು. ಆಮೇಲಿನದು ನಿನಗೆ ಗೊತ್ತು: ಶಹಾಡಿನಲ್ಲಿ ನಿನ್ನ ಭಾವನ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುವ ಕೆಲಸ, ಅಲ್ಲಿ ಕೂತಲ್ಲೇ ಎದೆನೋವು. ನನ್ನ ಲೇಖನ ಬರದಿದ್ದರೂ ಕಂಪನಿ ಬರುತ್ತಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ; ಹೇಳಿಕೊಂಡರೂ ಸಮಾಧಾನವಾಗುವುದಿಲ್ಲ. ಈಗ ಲೈನು ಕೆಟ್ಟರೆ ಫೋನಿನಲ್ಲಿ ಒಂದು ನಂಬರು ಕೊಡುತ್ತಾರೆ. ಯಾರೋ ಬರುತ್ತಾರೆ, ಚಪ್ಪಲಿ ಬಿಡದೆ ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಲೈನು ಕೆಡುವುದು ಕಡಿಮೆ, ಅದೂ ನಿಜ.

ಹನ್ನೆರಡನೆಯ ದಿನ ನೆಂಟರ ಮುಂದೆ ನನ್ನ ಕೈ ಹಿಡಿದು, "ಅವರ ಪರ ನಿಂತವಳು ಇವಳೊಬ್ಬಳೇ" ಎಂದೆಯಲ್ಲ, ಆಗಲೇ ಹೇಳಬೇಕಿತ್ತು. ಸುಮ್ಮನೆ ಊಟ ಮಾಡಿ ಬಂದೆ.

ಸಂಚಿಕೆಗೆ ಬೇರೆ ಯಾರಿಂದಾದರೂ ಬರೆಸು. ಇದನ್ನೆಲ್ಲ ಓದಿಯೂ ನಾನೇ ಬರೆಯಬೇಕೆಂದು ನಿನಗೆ ಅನ್ನಿಸಿದರೆ, ಇದನ್ನೂ ಸೇರಿಸಿ, ನನ್ನ ಹೆಸರು ಹಾಕಿಯೇ ಬರೆಯುತ್ತೇನೆ. ಉತ್ತರ ಕೊಡಲು ಮನಸ್ಸಾಗದಿದ್ದರೆ ಬೇಡ.

ನಿನ್ನ
ವೇದಾವತಿ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಲೈನನ್ನು ಕಂಪನಿಗೆ ಕೊಡಬೇಕೇ ಎಂದು ನಿರ್ಧರಿಸುವ ದಿನ ಸೊಸೈಟಿಯ ಸಭೆಯಲ್ಲಿ ನಾನೂ ಇದ್ದೆ. ಬೇಕು ಅನ್ನುವವರು ಕೈ ಎತ್ತಿ ಎಂದಾಗ ಎತ್ತಿದೆ. ಯಜ್ಞೇಶ್ವರಣ್ಣ ಬಾಗಿಲ ಹತ್ತಿರ ನಿಂತಿದ್ದರು. ನೋಡಿದರು. ಮನೆಗೆ ಬಂದು ನಿನಗೆ ಹೇಳಿರಬಹುದು ಎಂದು ಮೂರು ವರ್ಷ ನಿನ್ನ ಮುಖ ನೋಡಿದಾಗಲೆಲ್ಲ ಹೆದರಿದ್ದೇನೆ. ಅವರು ಹೇಳಿರಲಿಲ್ಲ ಎಂದು ಆ ಹನ್ನೆರಡನೆಯ ದಿನ ನಿನ್ನ ಮಾತಿನಿಂದಲೇ ನನಗೆ ಗೊತ್ತಾಯಿತು.