ಒಂದು ಕೋಶದ ಅಂತರ

ಮಾರ್ಚ್ ೯, ಸೋಮವಾರ

ನನ್ನ ಬಲಗೈ ಮುರಿದ ನಮ್ಮ ಯಜಮಾನರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಅದು ನಿಮ್ಮದೇ ಕೃಪೆ.

ನಿನ್ನೆ ನಿಮ್ಮ ಅಕ್ಕ ಬಂದಿದ್ದರು. ಬುಧವಾರ ಕೋರ್ಟಲ್ಲಿ ದೂರು ಹಿಂದಕ್ಕೆ ತಗೊಂಡುಬಿಡು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವೇನಮ್ಮ ಎಂದರು. ಅವತ್ತು ನಾನು ಉಣ್ಣಲೂ ಇಲ್ಲ, ಮಲಗಲೂ ಇಲ್ಲ, ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದೆ ಎಂದೆ. ನೀರೂ ಕುಡಿಯದೆ ಎದ್ದು ಹೋದರು.

ನನ್ನ ಚೀಲದಲ್ಲಿ ಬಣ್ಣವಿಲ್ಲದ ನೇಲ್ ಪಾಲಿಶ್ ಸಿಕ್ಕಿತು, ಅಷ್ಟೇ ತಾನೆ ನನ್ನ ತಪ್ಪು? ಯಾರಿಗೆ ತೋರಿಸೋಕೆ ಇದು ಎಂದಿರಿ. ಎಲೆಗೆ ಹಚ್ಚೋಕೆ ಎಂದೆ. ನಂಗೇ ಕಿವಿಗೆ ಹೂ ಇಡ್ತೀಯಾ ಎಂದು ನನ್ನ ಬೆರಳುಗಳನ್ನು ಬಾಗಿಲ ಸಂದಿಗಿಟ್ಟು ಕದ ತಳ್ಳಿದಿರಿ. ಎರಡು ಸಲ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ನಿಮಗೂ ಕೇಳಿಸಿರಬೇಕು.

ಹನ್ನೊಂದು ವರ್ಷ ಸಂಸಾರ ಮಾಡಿದಿರಿ, ನನ್ನ ಕೆಲಸ ಏನೆಂದು ಒಂದು ದಿನವೂ ಕೇಳಲಿಲ್ಲ. ಈಗ ಕೇಳಿ. ಎಲೆಯ ತಳಕ್ಕೆ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸುಲಿದರೆ, ಎಲೆ ಉಸಿರಾಡುವ ರಂಧ್ರಗಳ ಅಚ್ಚು ಅದರಲ್ಲಿ ಮೂಡಿರುತ್ತದೆ. ಸೂಕ್ಷ್ಮದರ್ಶಕದಲ್ಲಿಟ್ಟು ಎಣಿಸುತ್ತೇನೆ. ಎಳೆಯ ಎಲೆಯಲ್ಲಿ ಒಂದು ಕೋಶ ರಂಧ್ರವಾಗಲು ಹೊರಟರೆ, ನೀವು ಆಗಬೇಡಿ ಎಂದು ಸಣ್ಣದೊಂದು ಪ್ರೋಟೀನಿನ ಕೈಲಿ ಪಕ್ಕದ ಕೋಶಗಳಿಗೆ ಹೇಳಿ ಕಳಿಸುತ್ತದೆ. ಹಾಗಾಗಿ ಎರಡು ರಂಧ್ರಗಳ ನಡುವೆ ಒಂದು ಕೋಶದ ಅಂತರವಾದರೂ ಉಳಿಯುತ್ತದೆ. ಆ ಮಾತು ತಲುಪದ ಗಿಡಗಳನ್ನು ನಾನು ಬೆಳೆಸುತ್ತಿದ್ದೆ. ಅವುಗಳಲ್ಲಿ ರಂಧ್ರಗಳು ಮೈಗೆ ಮೈ ಒತ್ತಿಕೊಂಡೇ ಹುಟ್ಟುತ್ತವೆ, ಸರಿಯಾಗಿ ತೆರೆದು ಮುಚ್ಚಲು ಆಗದೆ ಗಿಡ ಸೊರಗುತ್ತದೆ.

ಮರುದಿನ, ಕೈಗೆ ಪ್ಲಾಸ್ಟರ್ ಇದ್ದರೂ, ಆ ಗಿಡಗಳಿಗೆ ನೀರುಣಿಸಲು ನಮ್ಮ ಪ್ರಯೋಗಾಲಯದ ಗಾಜಿನ ಮನೆಗೆ ಹೋಗಿದ್ದೆ. ಅಲ್ಲಿಗೂ ನುಗ್ಗಿದಿರಿ. ನಾಲ್ಕು ವರ್ಷ ಜೋಪಾನ ಮಾಡಿದ ತಳಿಯನ್ನು ಕಬ್ಬಿಣದ ಸರಳಿನಿಂದ ಬಡಿದಿರಿ, ಬೂಟುಗಾಲಲ್ಲಿ ಹೊಸಕಿದಿರಿ. ಅಡ್ಡ ಬಂದ ಮುದುಕ ಮಾಲಿಯ ಮುಂದಿನ ಹಲ್ಲು ಉದುರಿಸಿದಿರಿ. ಆಮೇಲೆ ಚಾವಣಿಯ ಗಾಜು ಬಿದ್ದು ನಿಮ್ಮ ತಲೆ ಒಡೆಯಿತು ಎಂದು ಪೊಲೀಸರು ಬರೆದುಕೊಂಡರು.

ದೂರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಗೂ ಬರುವುದಿಲ್ಲ. ನಿಮ್ಮ ಮೇಲೆ ಜೀವ ಇಟ್ಟುಕೊಂಡಿದ್ದೆ, ಸುಳ್ಳಲ್ಲ. ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಇಂತಿ,
ಕಾಗದದ ಮೇಲಷ್ಟೇ ನಿಮ್ಮವಳಾಗಿ ಉಳಿದವಳು

ತಾ.ಕ.: ಗಾಜು ಬೀಳಲಿಲ್ಲ. ಎಡಗೈಯಲ್ಲಿ ಸಲಿಕೆ ಹಿಡಿದು ಹಿಂದಿನಿಂದ ಹೊಡೆದವಳು ನಾನು. ನಾಡಿದ್ದು ಅದನ್ನೂ ಕೋರ್ಟಿನಲ್ಲಿ ಹೇಳುತ್ತೇನೆ. ನೀವು ಬಿದ್ದ ಮೇಲೂ ಸಲಿಕೆ ಎತ್ತಿದ್ದೆ, ಮುಗಿಸಿಬಿಡಬೇಕೆಂದೇ ಎತ್ತಿದ್ದೆ. ಬಾಯಿ ತುಂಬ ರಕ್ತ ತುಂಬಿಕೊಂಡು, ಬೇಡ ತಾಯಿ ಎಂದು ನನ್ನ ಕೈ ಹಿಡಿದವನು ಆ ಮಾಲಿ.