ಟೈಮ್ ಔಟಿನಲ್ಲಿ ಸುಮ್ಮನಿದ್ದವಳು

ಸೆಪ್ಟೆಂಬರ್ 4, ಬುಧವಾರ

ವಾಲಿಬಾಲ್ ನೆಟ್ಟಿನ ಹಗ್ಗ ಮತ್ತೆ ಸಡಿಲ. ಬಲಗಡೆ ಕಂಬದ ರಾಟೆ ತುಕ್ಕು ಹಿಡಿದು ತಿರುಗುತ್ತಿಲ್ಲ. ಜವಾನನನ್ನು ಎಣ್ಣೆ ಕೇಳಿ ಕೇಳಿ ಸಾಕಾಯಿತು. ಕೊನೆಗೆ ಅಕ್ಕನ ಹೊಲಿಗೆ ಮೆಷಿನ್ನಿನ ಎಣ್ಣೆ ಕದ್ದು ತಂದು ಹಾಕಿದೆ. ಗೊತ್ತಾದರೆ ನನ್ನನ್ನೇ ಹೊಲಿದುಬಿಡುತ್ತಾಳೆ.

ಪ್ರಾಕ್ಟೀಸ್ ಚೆನ್ನಾಗಿತ್ತು. ಒಂದು ಗಂಟೆ ನಾನು ಬಾಯಿ ಬಿಡಲಿಲ್ಲ. ಎಲ್ಲಾ ಕ್ಯಾಪ್ಟನ್ನೇ ನಡೆಸಿದಳು. ಹುಡುಗಿಯರು ಅವಳಿಗೆ ಸಾಸಿವೆ ಅಂತ ಹೆಸರಿಟ್ಟಿದ್ದಾರೆ — ಗಾತ್ರಕ್ಕೂ ಸರಿ, ಸಿಡಿಯುವುದಕ್ಕೂ ಸರಿ. ನನ್ನ ನಾಲಿಗೆಗೂ ಅದೇ ಅಂಟಿದೆ. ಅವಳೇ ನಮ್ಮ ಸೆಟರ್, ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ಯಾರಿಗೆ ಎತ್ತಬೇಕು ಅನ್ನುವುದು ಅರೆಕ್ಷಣದ ಲೆಕ್ಕ. ಅದನ್ನು ಬೆಂಚಿನಿಂದ ಕೂಗಿ ಹೇಳಲು ಆಗುವುದಿಲ್ಲ, ಹೇಳಲೂಬಾರದು. ನನ್ನ ಕಾಲದ ಕೋಚ್ ಎಷ್ಟು ಕೂಗುತ್ತಿದ್ದರೆಂದರೆ, ಅವರು ಊಟಕ್ಕೆ ಎದ್ದುಹೋದರೆ ನಮಗೆ ಸರ್ವ್ ಮಾಡುವುದೇ ಮರೆತುಹೋಗುತ್ತಿತ್ತು. ನನ್ನ ಹುಡುಗಿಯರು ಹಾಗಾಗಬಾರದು. ಟೈಮ್ ಔಟ್ ತೆಗೆದುಕೊಂಡರೂ ನಾನು ನೀರಿನ ಬಾಟಲಿ ಹಿಡಿದು ನಿಲ್ಲುವುದಷ್ಟೇ. ಮಾತು ಕ್ಯಾಪ್ಟನ್ನಿನದು.

ಬೇರೆ ಸ್ಕೂಲಿನ ಕೋಚ್ ಒಬ್ಬ ಹೋದ ವರ್ಷ ಕೇಳಿದ್ದ: "ಮೇಡಂ, ನೀವು ಕೋಚಾ, ವಾಟರ್ ಸಪ್ಲೈನಾ?"

ನಗಲಿ. ಆ ಮ್ಯಾಚ್ ನಾವೇ ಗೆದ್ದೆವು.

ಸೆಪ್ಟೆಂಬರ್ 9, ಸೋಮವಾರ

ಹೆಡ್ ಮೇಡಂ ಕರೆಸಿದರು. ಟೇಬಲ್ ಮೇಲಿನ ಗಾಜಿನ ಕೆಳಗೆ ಹಳೇ ತಂಡಗಳ ಫೋಟೋ. ಒಂದರಲ್ಲೂ ಕಪ್ ಇಲ್ಲ, ಬರೀ ಹುಡುಗಿಯರು. ಅದನ್ನೇ ಬೆರಳಲ್ಲಿ ತೋರಿಸಿದರು.

"ಸೆಮಿಫೈನಲ್ಲಿಗೆ ಬರೋದು, ಸೋಲೋದು. ಹೋದ ಪುಟ್ಟ ಬಂದ ಪುಟ್ಟ. ಈ ಸಲವೂ ಹಾಗೇ ಆದ್ರೆ ಹೊರಗಿಂದ ಕೋಚ್ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ."

ಮಾಡಿಕೊಳ್ಳುವುದಿಲ್ಲ ಅಂದೆ. ಸುಳ್ಳು. ಬೆಳಿಗ್ಗೆ ಮಕ್ಕಳನ್ನು ಸಾಲು ನಿಲ್ಲಿಸಿ ಕೈ ಮೇಲೆ ಕೈ ಕೆಳಗೆ ಮಾಡಿಸುವುದು ಸಂಬಳದ ಕೆಲಸ. ಸಂಜೆಯ ಆ ಅಂಗಳ ಮಾತ್ರ ನನ್ನದು. ಅದು ಹೋದರೆ ನನ್ನ ಹತ್ತಿರ ಬೇರೇನಿದೆ...

ಸೆಪ್ಟೆಂಬರ್ 14, ಶನಿವಾರ. ಸಂಜೆ

ಸೋತೆವು.

ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತಿರುತ್ತದೆ. ಸೆಮಿಫೈನಲ್ಲಿನ ಮೂರನೇ, ಕೊನೆಯ ಸೆಟ್, ಹನ್ನೊಂದು–ಹನ್ನೊಂದು. ಅವರ ಹುಡುಗಿ ಸರ್ವ್‌ಗೆ ಬಂದಳು. ಎರಡೂ ಸರ್ವ್ ಒಂಟೆಯ ಕಡೆಗೇ. ಒಂಟೆ ನಮ್ಮ ಉದ್ದನೆಯ ಹುಡುಗಿ. ಹೊಡೆಯುವುದರಲ್ಲಿ ಅವಳ ಸಮ ಇಲ್ಲ. ಆದರೆ ಸರ್ವ್ ತೆಗೆದುಕೊಳ್ಳಲು ಬಗ್ಗುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಅವರದು ಹದಿಮೂರು ಆಯಿತು. ಟೈಮ್ ಔಟ್ ಕೇಳಿದೆ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಒಂಟೆಯನ್ನು ನೆಟ್ ಹತ್ತಿರಕ್ಕೆ ಸರಿಸಿ, ಹಿಂದೆ ಇಬ್ಬರೇ ಸರ್ವ್ ತೆಗೆದುಕೊಳ್ಳಬೇಕು. ಒಂದು ವಾಕ್ಯ. ಸಾಸಿವೆಗೂ ಹೊಳೆಯುತ್ತದೆ ಅಂದುಕೊಂಡೆ. ಅವಳು ಎಲ್ಲರ ಮುಖ ನೋಡಿದಳು. ಆಮೇಲೆ ನನ್ನ ಮುಖ.

"ಮೇಡಂ, ನೀವು ಹೇಳಿ."

ಯಾವತ್ತೂ ಹಾಗೆ ಕೇಳಿದವಳಲ್ಲ.

ನಾನು ಬಾಟಲಿ ಮುಂದೆ ಹಿಡಿದೆ. "ನೀನೇ ಯೋಚಿಸು" ಅಂದೆ. ರೆಫ್ರಿ ಸೀಟಿ ಊದಿದರು. ಮುಂದಿನ ಎರಡು ಸರ್ವ್ ಕೂಡ ಒಂಟೆಗೇ ಬಂದವು. ಹದಿನೈದು, ಆಟ ಮುಗಿಯಿತು.

ಬಸ್ಸಿನಲ್ಲಿ ಒಂಟೆ ಇಡೀ ದಾರಿ ಕಿಟಕಿಗೆ ಮುಖ ಕೊಟ್ಟು ಅತ್ತಳು.

ಸೆಪ್ಟೆಂಬರ್ 15, ಭಾನುವಾರ

ಅಕ್ಕ ಮೂವತ್ತು ವರ್ಷ ನರ್ಸ್ ಆಗಿದ್ದವಳು, ಗಾಯ ನೋಡಿದರೆ ಬ್ಯಾಂಡೇಜಿಗಿಂತ ಮೊದಲು ಬೈಗುಳ. ಕಾಫಿ ಲೋಟ ಕುಕ್ಕಿ ಕೇಳಿದಳು.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೇಳಿದ್ರೆ ನಾಳೆಯಿಂದ ಎಲ್ಲದಕ್ಕೂ ನನ್ನ ಮುಖ ನೋಡ್ತಾಳೆ ಅಕ್ಕ."

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನೀನು ಮಾತೇ ಆಡ್ದೆ ಜಗಳ ತಂದ್ಕೊಂಡೆ. ಉಸಿರು ಕಟ್ಟಿದೋನ ಮುಂದೆ ನಿಂತು, ನೀನೇ ಉಸಿರಾಡೋದು ಕಲಿ ಅಂತ ಹೇಳೋಕಾಗತ್ತೇನೇ?"

ಉತ್ತರಕ್ಕಾಗಿ ಮಧ್ಯಾಹ್ನ ಪೂರ್ತಿ ಹುಡುಕಿದೆ.

ಸೆಪ್ಟೆಂಬರ್ 17, ಮಂಗಳವಾರ

ಪ್ರಾಕ್ಟೀಸಿಗೆ ಐವರು ಬಂದರು. ಒಂಟೆ ಇಲ್ಲ. ಸಾಸಿವೆ ಚೆಂಡಿಗೆ ಗಾಳಿ ತುಂಬುತ್ತಾ, ಪಂಪಿನ ಕಡೆಗೇ ಕಣ್ಣಿಟ್ಟು ಕೇಳಿದಳು.

"ನಿಮ್ಗೆ ಗೊತ್ತಿತ್ತಾ ಮೇಡಂ, ಅವತ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೌದೆಂದು ತಲೆಯಾಡಿಸಿದೆ.

ಅವಳು ಇನ್ನೂ ಎರಡು ಸಲ ಪಂಪ್ ಒತ್ತಿದಳು. "ಒಂದು ಮಾತು ಹೇಳ್ಬೋದಿತ್ತು. ಒಂಟೆ ಸ್ಕೂಲ್ ಬಿಡ್ತೀನಿ ಅಂತಿದಾಳೆ."

ಅಷ್ಟೇ. ಸಿಡಿಯಲೇ ಇಲ್ಲ. ಸಿಡಿದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 20, ಶುಕ್ರವಾರ

ಹೆಡ್ ಮೇಡಂ ಹೊಸ ಕೋಚನ್ನು ಸ್ಟಾಫ್ ರೂಮಿಗೆ ಕರೆತಂದರು. ಅಗಲವಾದ ಭುಜ, ಒಳ್ಳೆಯ ಶೂ. ಕುತ್ತಿಗೆಯಲ್ಲಿ ಸೀಟಿ. ಟೀ ಕುಡಿಯುವಾಗ ಕೂಡ ತೆಗೆಯಲಿಲ್ಲ, ಲೋಟಕ್ಕೆ ಟಣ್ ಟಣ್ ಬಡಿಯುತ್ತಿತ್ತು. ಇವನಿಗೆ ಬೇರೆ ಹೆಸರು ಹುಡುಕುವ ಶ್ರಮ ಇಲ್ಲ. ಸೀಟಿ.

ನನಗೆ ಕೈ ಮುಗಿದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ದ್ವೇಷಿಸಿಕೊಂಡಾದರೂ ಇರುತ್ತಿದ್ದೆ.

ಯಾರು ಬೇಕೆಂದು ಹುಡುಗಿಯರೇ ಸೋಮವಾರದೊಳಗೆ ಹೇಳಲಿ ಅಂದರು ಹೆಡ್ ಮೇಡಂ. ನನ್ನ ಪದ್ಧತಿಯನ್ನೇ ನನಗೆ ಬಡಿಸಿದರು, ಅಡ್ಡಿ ಹೇಳುವ ಹಾಗೂ ಇಲ್ಲ.

ಸೆಪ್ಟೆಂಬರ್ 23, ಸೋಮವಾರ

ಮಧ್ಯಾಹ್ನದ ಬೆಲ್ ಆದ ಮೇಲೆ ಸಾಸಿವೆ ಬಂದಳು. ನನ್ನ ರೂಮು ಅಂದರೆ ಆಟದ ಸಾಮಾನಿನ ಕೋಣೆ. ಒಂದು ಕುರ್ಚಿ, ಹರಿದ ಮ್ಯಾಟು, ಅಂಗಳದ ಕಡೆಗೆ ಒಂದು ಕಿಟಕಿ. ಕೂತುಕೋ ಅಂದೆ. ಕೂರಲಿಲ್ಲ.

"ಮೇಡಂ, ನಾವೆಲ್ಲಾ ಮಾತಾಡ್ಕೊಂಡ್ವಿ. ಹೊಸ ಸರ್ ಇರ್ಲಿ ಅಂತ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ."

"ನೀನೂ ಅದನ್ನೇ ಹೇಳಿದ್ಯಾ?"

"ಮೊದ್ಲು ಹೇಳಿದ್ದೇ ನಾನು."

ದನಿ ನಡುಗಲಿಲ್ಲ, ಕಣ್ಣು ತಪ್ಪಿಸಲಿಲ್ಲ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇಷ್ಟು ವರ್ಷಗಳಲ್ಲಿ ಇಂಥ ಕ್ಯಾಪ್ಟನ್ ಸಿಕ್ಕಿರಲಿಲ್ಲ. "ಚೆನ್ನಾಗಿ ಹೇಳಿದೆ" ಅಂದೆ. ಮನಸ್ಸಿನಿಂದಲೇ ಅಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಹರಿದ ಮ್ಯಾಟಿನ ಮೇಲೆ ಕೂತು ಅತ್ತೆ. ಐದನೇ ಪೀರಿಯಡ್ಡಿನ ಮಕ್ಕಳು ಬಂದು ಬಾಗಿಲು ಬಡಿಯುವವರೆಗೂ.

ಅಕ್ಟೋಬರ್ 21, ಸೋಮವಾರ

ಬರೆಯಲು ಏನೂ ಇಲ್ಲ. ಬೆಳಿಗ್ಗೆ ಸಾಲು. ಕೈ ಮೇಲೆ, ಕೈ ಕೆಳಗೆ. ಸಂಜೆ ಬಸ್ಸು ಬರುವವರೆಗೆ ಕಿಟಕಿ.

ಸೀಟಿ ಪ್ರತಿ ಚೆಂಡಿಗೂ ಊದುತ್ತಾನೆ. "ಎಡಕ್ಕೆ! ಮೇಲೆ! ಒಂಟೆಗೆ ಕೊಡು!" ಒಂಟೆ ನಗುತ್ತಾಳೆ, ಬಗ್ಗುವುದನ್ನೂ ಕಲಿತಿದ್ದಾಳೆ. ಸ್ಕೂಲ್ ಬಿಡುವ ಮಾತಿಲ್ಲ. ಇದನ್ನು ಒಪ್ಪಲೇಬೇಕು. ನನ್ನಿಂದ ಆಗದ್ದು ಅವನಿಂದ ಒಂದೇ ತಿಂಗಳಲ್ಲಿ ಆಯಿತು.

ಸಾಸಿವೆ ಚೆಂಡು ಎತ್ತುವ ಮೊದಲು ಬೆಂಚಿನ ಕಡೆ ನೋಡುತ್ತಾಳೆ. ಪ್ರತಿ ಸಲ. ಒಂದು ಸಣ್ಣ ತಲೆ ತಿರುವು, ಅಷ್ಟೇ. ಬೇರೆ ಯಾರಿಗೂ ಕಾಣಲಾರದು.

ನವೆಂಬರ್ 9, ಶನಿವಾರ

ಹೊಸ ಟೂರ್ನಮೆಂಟಿನ ಮೊದಲ ಮ್ಯಾಚ್ ಗೆದ್ದರಂತೆ. ಒಂದು ಸೆಟ್ಟೂ ಬಿಟ್ಟುಕೊಡದೆ. ಹೋಗಲಿಲ್ಲ. ಅಕ್ಕ ಕೇಳಿದಳು, "ಖುಷಿಯಾ, ಬೇಜಾರಾ?"

"ಎರಡೂ."

"ಸುಳ್ಳು. ಇಂಗು ತಿಂದ ಮಂಗನ ಹಾಗಿದೆ ಮುಖ."

ನವೆಂಬರ್ 27, ಬುಧವಾರ

ಸಾಸಿವೆ ಬೆಂಚಿನಲ್ಲಿ ಕೂತಿದ್ದಾಳೆ. ಸೆಟರ್ ಜಾಗದಲ್ಲಿ ಒಂಬತ್ತನೇ ಕ್ಲಾಸಿನವಳು. ಏನಾಯಿತೆಂದು ಒಂಟೆಯನ್ನು ಕೇಳಿದೆ.

ನಿನ್ನೆ ಮ್ಯಾಚಿನಲ್ಲಿ ಟೈಮ್ ಔಟ್. ಎಲ್ಲಾ ಚೆಂಡೂ ಒಂಟೆಗೇ ಕೊಡು ಅಂದನಂತೆ ಸೀಟಿ. ಒಂಟೆಯ ಭುಜ ನೋಯುತ್ತಿತ್ತು, ಹೇಳಲು ಹೆದರಿಕೆ. ಸಾಸಿವೆ ಹೇಳಿದಳಂತೆ: "ಅವಳ ಭುಜ ನೋಯ್ತಿದೆ ಸರ್. ಬೇರೆಯವರಿಗೆ ಕೊಡ್ತೀನಿ."

"ಇಲ್ಲಿ ಕ್ಯಾಪ್ಟನ್ ಯಾರು, ನಾನಾ ನೀನಾ?"

"ನಾನು ಸರ್."

ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಪಾಪ. ಬೇರೆ ಹುಡುಗಿಯರು ಕಿಸಕ್ಕನೆ ನಕ್ಕರಂತೆ. ಅವಳ ಕ್ಯಾಪ್ಟನ್ಸಿ ಹೋದದ್ದು ಉತ್ತರಕ್ಕಲ್ಲ, ಆ ನಗುವಿಗೆ.

ಈ ಸಲ ಸುಮ್ಮನಿರುವುದಿಲ್ಲ. ನಾಳೆ ಹೆಡ್ ಮೇಡಂ ಹತ್ತಿರ ಹೋಗಿ ಮಾತಾಡುತ್ತೇನೆ.

ನವೆಂಬರ್ 28, ಗುರುವಾರ

ಮಾತಾಡಿದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹುಡುಗಿ ಸರಿಯಾಗೇ ನಡೆದುಕೊಂಡಳು, ಗೆಳತಿಯ ಭುಜ ಉಳಿಸಿದಳು, ಕ್ಯಾಪ್ಟನ್ ಮಾಡಬೇಕಾದ್ದೇ ಅದು ಅಂದೆ. ದನಿ ಏರಿತು. ಪಕ್ಕದ ಕ್ಲಾಸಿನವರು ಇಣುಕಿದರು.

ಹೆಡ್ ಮೇಡಂ ಪೂರ್ತಿ ಕೇಳಿಸಿಕೊಂಡರು.

"ಮಾತಾಡ್ಬೇಕಾದಾಗ ನೀವು ಮಾತಾಡ್ಲಿಲ್ಲ ಮೇಡಂ. ಈಗ ಮಾತಾಡಿದ್ರೆ ಹೊಟ್ಟೆಕಿಚ್ಚು ಅಂತಾರೆ ಜನ."

"ಜನ ಏನಾದ್ರೂ ಅನ್ಲಿ."

"ನಾನೂ ಜನಾನೇ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಆ ಹುಡುಗೀನ ನೀವೇ ಎತ್ತಿಕಟ್ತಿಲ್ಲ ತಾನೇ?"

ಇಲ್ಲ ಅಂದೆ. ಆದರೆ ಅವರು ಕೇಳಿದಾಗಲೇ ಗೊತ್ತಾಯಿತು — ನಾನು ಬಂದದ್ದೇ ತಪ್ಪು.

ಡಿಸೆಂಬರ್ 2, ಸೋಮವಾರ

ಸಾಸಿವೆಯನ್ನು ತಂಡದಿಂದಲೇ ತೆಗೆದರು. ಬೆಂಚೂ ಇಲ್ಲ. ಒಂದು ಟೀಮಿನಲ್ಲಿ ಎರಡು ಗುಂಪು ಬೇಡವಂತೆ, ಹಳೇ ಮೇಡಂ ಗುಂಪು ಅಂತ ಒಂದು ಬೇಡವಂತೆ. ಅಂಥ ಗುಂಪು ಎಲ್ಲಿತ್ತು? ನಾನು ಬಾಯಿ ತೆರೆದ ಮೇಲೆ ಹುಟ್ಟಿತು.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಅಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅಕ್ಕ ಬೈಯದೆ ಇದ್ದರೆ ರೋಗ ವಾಸಿಯಾಗುವಂಥದ್ದಲ್ಲ ಅಂತ ಅರ್ಥ.

ಡಿಸೆಂಬರ್ 5, ಗುರುವಾರ. ಶಾಲೆ ಬಿಟ್ಟ ಮೇಲೆ

ಸಾಸಿವೆ ಬಂದಿದ್ದಳು. ಸೆಪ್ಟೆಂಬರ್ ಆದ ಮೇಲೆ ಈ ಕೋಣೆಗೆ ಇದೇ ಮೊದಲು. ಇನ್ನೂ ಕುಳ್ಳಗಾದ ಹಾಗೆ ಕಂಡಳು. ಬ್ಯಾಗಿನ ಪಟ್ಟಿ ತಿರುಚುತ್ತಾ ನಿಂತಳು.

"ಮೇಡಂ, ಆಟ ಬಿಟ್ಬಿಡ್ಲಾ?"

ನಾಲಿಗೆ ತುದಿಗೆ ಬಂತು: ನೀನೇ ಯೋಚಿಸು. ಹಲ್ಲು ಕಚ್ಚಿದೆ. ಆ ಮಾತು ಇನ್ನೊಂದು ಸಲ ಅವಳಿಗೆ ಹೇಳಲಾರೆ. "ಮನೇಲಿ ಏನಂತಾರೆ?" ಅಂದೆ.

"ನಿನ್ನಿಷ್ಟ ಅಂತಾರೆ. ನಂಗೆ ನನ್ನಿಷ್ಟ ಗೊತ್ತಾಗ್ತಿಲ್ಲ. ನೀವು ಹೇಳಿ."

ಬಿಡು ಅನ್ನುವುದು ನ್ಯಾಯ. ಆಡಲು ತಂಡವಿಲ್ಲ, ಬೇರೆ ಸ್ಕೂಲಿಗೆ ಕಳಿಸುವ ಶಕ್ತಿ ಅವರ ಮನೆಗಿಲ್ಲ. ಆದರೆ ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳಿಗೋಸ್ಕರವೋ, ನನಗೋಸ್ಕರವೋ, ಅದೂ ಯೋಚಿಸಲಿಲ್ಲ.

"ಬಿಡಬೇಡ" ಅಂದೆ.

"ಸರಿ ಮೇಡಂ."

ಯಾಕೆ ಅಂತ ಕೇಳಲಿಲ್ಲ. ಹೇಗೆ ಅಂತಲೂ ಕೇಳಲಿಲ್ಲ. ಮೊದಲಿನ ಸಾಸಿವೆ ಒಂದು 'ಬೇಡ'ಕ್ಕೆ ಹತ್ತು 'ಯಾಕೆ' ಎಸೆಯುತ್ತಿದ್ದಳು.

ಡಿಸೆಂಬರ್ 7, ಶನಿವಾರ

ಸಂಜೆ ಕಿಟಕಿಯಿಂದ ನೋಡಿದೆ. ಮೊದಲು ಗುರುತು ಹತ್ತಲಿಲ್ಲ. ಅಂಗಳದ ಗೆರೆಯಾಚೆ, ಗೋಡೆಯ ಪಕ್ಕ ಒಬ್ಬಳು ನಿಂತಿದ್ದಳು. ಹೊರಗೆ ಹೋದ ಚೆಂಡು ಹೆಕ್ಕಿ ಕೊಡುತ್ತಿದ್ದಳು.

ಸಾಸಿವೆ.

ಸೀಟಿ ಬೇಡ ಅಂದಿಲ್ಲವಂತೆ. ಚೆಂಡು ಹೆಕ್ಕುವವರು ಯಾರಿಗೆ ಬೇಡ? ತಂಡದ ಹುಡುಗಿಯರು ಅವಳ ಕಡೆ ನೋಡುವುದಿಲ್ಲ. ಒಂಟೆ ಮಾತ್ರ ಒಮ್ಮೆ ಚೆಂಡು ತೆಗೆದುಕೊಳ್ಳುವಾಗ ಏನೋ ಹೇಳಿದಳು, ಇವಳು ತಲೆಯಾಡಿಸಿದಳು.

ಹೊರಡುವಾಗ ಗೇಟಿನ ಹತ್ತಿರ ತಡೆದು ಕೇಳಿದೆ: ಯಾಕಮ್ಮಾ ಇದೆಲ್ಲಾ?

"ನೀವೇ ಬಿಡಬೇಡ ಅಂದ್ರಲ್ಲ ಮೇಡಂ."

ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ನನ್ನ ಮಾತು ಪಾಲಿಸುತ್ತಿದ್ದಾಳೆ.

ಡಿಸೆಂಬರ್ 12, ಗುರುವಾರ. ಸಂಜೆ ಐದು

ಇವತ್ತೂ ಬಂದಿದ್ದಾಳೆ. ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಗೋಡೆ ಪಕ್ಕ ನಿಂತಿದ್ದಾಳೆ. ನಾಡಿದ್ದು ಫೈನಲ್. ಗೆಲ್ಲುತ್ತಾರೆ. ಹೆಡ್ ಮೇಡಂ ಗಾಜಿನ ಕೆಳಗೆ ಕಪ್ ಇರುವ ಫೋಟೋ ಬರುತ್ತದೆ. ಇವಳು ಅದರಲ್ಲಿ ಇರುವುದಿಲ್ಲ. ಫೈನಲ್ ದಿನವೂ ಚೆಂಡು ಹೆಕ್ಕಲು ಹೋಗುತ್ತಾಳೆ, ಯಾರೂ ಕರೆಯಬೇಕಾಗಿಲ್ಲ.

ಒಂಬತ್ತನೇ ಕ್ಲಾಸಿನ ಸೆಟರ್ ತಪ್ಪು ಎತ್ತಿದಳು. ಚೆಂಡು ಚರಂಡಿಯ ಕಡೆ ಉರುಳಿತು. ಸೀಟಿ ಊದಿದ. ಸಾಸಿವೆ ಓಡಿದಳು. ಓಟ ಇನ್ನೂ ಹಾಗೇ ಇದೆ, ಮೊದಲ ಎರಡು ಹೆಜ್ಜೆ ಎಷ್ಟು ಚುರುಕು. ತಂದು ಕೊಟ್ಟು ಮತ್ತೆ ಗೋಡೆಗೆ.

ಈಗಲೇ ಹೋಗಿ ಹೇಳಬೇಕು — ಸಾಕು, ಬಿಟ್ಟುಬಿಡು, ಮನೆಗೆ ಹೋಗು. ಒಂದೇ ವಾಕ್ಯ. ಬಾಗಿಲವರೆಗೂ ಹೋದೆ. ಚಪ್ಪಲಿ ಕೂಡ ಮೆಟ್ಟಿದೆ.

ಹೇಳಿದರೆ ಅದಕ್ಕೂ "ಸರಿ ಮೇಡಂ" ಅನ್ನುತ್ತಾಳೆ. ಹಾಗೇ ಚೆಂಡು ಕೆಳಗಿಟ್ಟು, ಬ್ಯಾಗ್ ಹಾಕಿಕೊಂಡು, ಯಾಕೆ ಅಂತ ಕೇಳದೆ ಗೇಟಿನ ಕಡೆ ನಡೆಯುತ್ತಾಳೆ. ಅದನ್ನು ನೋಡುವುದಕ್ಕೆ ನನ್ನಿಂದ ಆಗದು. ಚಪ್ಪಲಿ ಬಿಚ್ಚಿ ಕಿಟಕಿಗೇ ಮರಳಿದೆ.