ಅಕ್ಕನ ಮಾತು, ನನ್ನ ಗೊಂಬೆಗಳು

ಮಾರ್ಚ್ ೩, ಬೆಳಿಗ್ಗೆ

ಅಕ್ಕನಿಗೆ ಮುಖ ತೊಳೆಸಿ, ತಲೆ ಬಾಚಿ, ಮಾತ್ರೆ ನುಂಗಿಸಿದ್ದಾಯಿತು. ಅಳತೆ ಟೇಪು ಕೊರಳಿಗೆ ಹಾಕುವ ತನಕ ಚಹಾ ಮುಟ್ಟುವುದಿಲ್ಲ. ಟೈಲರ್ ಅಂಗಡಿ ಮುಚ್ಚಿ ವರ್ಷಗಳಾದವು, ಟೇಪು ಬಿಟ್ಟಿಲ್ಲ. ಸ್ಟ್ರೋಕ್ ಆದ ದಿನ ಆಂಬುಲೆನ್ಸಿನಲ್ಲೂ ಕೊರಳಲ್ಲೇ ಇತ್ತು. ಚಿಕ್ಕವಳಿದ್ದಾಗ ನಾನೂ ಅಲ್ಲೇ ಜೋತುಬಿದ್ದಿರುತ್ತಿದ್ದೆನಂತೆ. "ನನ್ನ ಕೊರಳಿಗೆ ಎರಡು ಟೇಪು, ಒಂದಕ್ಕೆ ಬಾಯಿ ಬೇರೆ ಇದೆ" ಅಂತ ಗಿರಾಕಿಗಳಿಗೆ ಹೇಳುತ್ತಿದ್ದಳು.

ಆಮೇಲೆ ಹೆಸರು ಹೇಳಿಸುವ ಚಿತ್ರದ ಕಾರ್ಡು. ಚಮಚ ತೋರಿಸಿದೆ.

"ಕತ್ತರಿ."

"ಅಲ್ಲ ಅಕ್ಕ, ಚಮಚ."

ಕಿಟಕಿಗೆ "ಜೇಬು". ಮಾತ್ರೆಗೆ "ಗುಂಡಿ". ತಲೆಯೊಳಗೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡು, ಅವಳ ಅಂಗಡಿಯೊಂದೇ ತೆರೆದಿದೆ. ಎಲ್ಲಕ್ಕೂ ಅಲ್ಲಿಂದಲೇ ಪದ ತರುತ್ತಾಳೆ. ನನ್ನನ್ನು ಕರೆಯಲು ಮಾತ್ರ ಏನೂ ಸಿಕ್ಕಿಲ್ಲ. ಪುಟ್ಟಿ ಅನ್ನುತ್ತಿದ್ದಳು. ಐವತ್ಮೂರು ವರ್ಷದ ಪುಟ್ಟಿ. ಈಗ ಕೈ ತಟ್ಟುತ್ತಾಳೆ, ನಾನು ಹೋಗುತ್ತೇನೆ.

ಮಾರ್ಚ್ ೩, ಮಧ್ಯಾಹ್ನ, ಆಫೀಸು

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅಕ್ಕನೇ ಹೇಳುತ್ತಿದ್ದಳು: "ಕಂಪ್ಯೂಟರಿನಲ್ಲಿ ಗೊಂಬೆ ಆಡಿಸ್ತಾಳೆ. ಅದಕ್ಕೆ ಸಂಬಳ ಬೇರೆ." ಸುಳ್ಳೇನಲ್ಲ. ಪ್ರೋಗ್ರಾಮಿನೊಳಗೆ ನೂರು ಗೊಂಬೆ. ಒಂದೊಂದಕ್ಕೂ ಒಂದಿಷ್ಟು ಪದ. ಎರಡೆರಡನ್ನು ಎದುರುಬದುರು ಕೂರಿಸುತ್ತೇನೆ — ಒಂದು ಕಲಿಸುತ್ತದೆ, ಒಂದು ಕಲಿಯುತ್ತದೆ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಭಾಷೆ ಹೇಗೆ ಬದಲಾಯಿತು ಅಂತ ನೋಡುವುದು. ಸಾವಿರ ವರ್ಷದ ಸಂಸಾರ, ಊಟಕ್ಕೆ ಏಳುವ ಮೊದಲೇ ಮುಗಿಯುತ್ತದೆ.

ಆದರೆ ತಿಂಗಳಿಂದ ಒಂದೇ ಗೋಳು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಗೊಂಬೆಗಳು ಬಾಯಿಗೆ ಬೀಗ ಹಾಕಿಕೊಳ್ಳುತ್ತವೆ. ಊರಿಗೂರೇ ಮೂಗ. ಮನುಷ್ಯರು ಹೀಗೆ ಮಾಡುವುದಿಲ್ಲ. ಎಲ್ಲೋ ಎಡವಿದ್ದೇನೆ, ಎಲ್ಲಿ ಅಂತ ಹೊಳೆಯುತ್ತಿಲ್ಲ.

ಮಾರ್ಚ್ ೬

ಸ್ಪೀಚ್ ಮೇಡಂ ಬಂದಿದ್ದರು. ಮಾತು ಮರಳಿಸುವ ಡಾಕ್ಟರು. ವಯಸ್ಸು ಚಿಕ್ಕದು, ದನಿ ದೊಡ್ಡದು. ಹೋಗುವಾಗ ಬಾಗಿಲ ಬಳಿ ನಿಂತು ಹೇಳಿದರು: "ಮಾತಾಡ್ತಾ ಇರ್ಲಿ, ಅಷ್ಟೇ. ಈಗ ಸುಮ್ನಾಗಿಬಿಟ್ರೆ ಆಮೇಲೆ ಬಾಯಿ ಬಿಡಿಸೋದು ತುಂಬಾ ಕಷ್ಟ ಆಗುತ್ತೆ."

ಕಾರ್ಡು ದಿನಕ್ಕೆ ಒಂದು ಸಲ ಸಾಲದು. ಎರಡು ಸಲ ಮಾಡಬೇಕು.

ಮಾರ್ಚ್ ೧೧, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಜೋರು ಗಾಳಿ. ಕಿಟಕಿ ಪಟಪಟ ಬಡಿಯುತ್ತಿತ್ತು. ಅಕ್ಕ ಶಾಲು ಎಳೆದುಕೊಂಡು ಅಂದಳು — "ಜೇಬು... ಜೇಬು ಮಡಚು."

ಗೊತ್ತಾಯಿತು. ಪೂರ್ತಿ ಗೊತ್ತಾಯಿತು. ಆದರೂ ಕೈ ಕಟ್ಟಿ ನಿಂತೆ.

"ಕಿಟಕಿ ಅನ್ನು ಅಕ್ಕ. ಮುಚ್ತೀನಿ."

ನನ್ನನ್ನೇ ನೋಡಿದಳು. ಹಳೆಯ ಅಕ್ಕನಾಗಿದ್ದರೆ ಕಿವಿ ಹಿಂಡುತ್ತಿದ್ದಳು. ಕುರ್ಚಿ ಹಿಡಿದು ಎದ್ದಳು. ಬಲಗಾಲು ಎಳೆದುಕೊಂಡು ಕಿಟಕಿಯ ತನಕ ಹೋದಳು. ಎಡಗೈಯಲ್ಲಿ ಚಿಲಕ ಹಾಕಿದಳು. ವಾಪಸು ಬಂದು ಗೋಡೆ ಕಡೆ ತಿರುಗಿ ಮಲಗಿದಳು.

ಮಾರ್ಚ್ ೧೨

ಮಾತಿಲ್ಲ. ಕಾರ್ಡು ತೆಗೆದರೆ ಕಣ್ಣು ಮುಚ್ಚುತ್ತಾಳೆ.

ಮಾರ್ಚ್ ೧೭

ಇಲ್ಲ. ಚಪ್ಪಾಳೆಯೂ ಇಲ್ಲ.

ಮಾರ್ಚ್ ೨೦, ಆಫೀಸು

ಪಕ್ಕದ ಮೇಜಿನ ಗೊಣಗಪ್ಪ ನನ್ನ ಪ್ರೋಗ್ರಾಮಿಗೆ ಮೂಗು ತೂರಿಸಿದ. ಹೆಸರು ನಾನಿಟ್ಟಿದ್ದು, ಅವನಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಜೊತೆಗಿದ್ದಾನೆ, ಒಂದು ದಿನವೂ ಚಹಾ ಚೆನ್ನಾಗಿದೆ ಅಂದವನಲ್ಲ.

"ಇದೇನು ಪುಣ್ಯಾತ್ಗಿತ್ತಿ? ಪದ ಹೊಂದದಿದ್ರೆ ಕಲಿಯೋ ಗೊಂಬೆ ತನ್ನ ಪದ ಬಿಸಾಕ್ಬೇಕು. ಮತ್ತೆ ಮತ್ತೆ ತಪ್ಪಿದ್ರೆ ಬಾಯಿ ಮುಚ್ಬೇಕು. ಕಲಿಸೋ ಗೊಂಬೆಗೆ ಏನೂ ಇಲ್ವಾ?"

"ಅದು ಕಲಿಸೋದು ಕಣಯ್ಯ. ಅದಕ್ಕೆ ಪದ ಗೊತ್ತಿದೆ."

"ಗೊತ್ತಿದ್ರೆ? ಎದುರಿಗಿರೋದು ಏನಂತು ಅಂತ ಕೇಳಿಸ್ಕೊಳ್ಳೋದೂ ಬೇಡ್ವಾ? ಇಂಥವರ ಹತ್ರ ನಾನೂ ಬಾಯಿ ಬಿಡಲ್ಲ ಬಿಡು."

ಗೊಣಗುತ್ತಾ ಹೋದ. ಕೂತೇ ಇದ್ದೆ. ಪ್ರೋಗ್ರಾಮ್ ಬರೆದವಳು ನಾನು. ಕಲಿಸುವ ಗೊಂಬೆ ಬದಲಾಗಬೇಕು ಅಂತ ನನಗೆ ಅನಿಸಿಯೇ ಇರಲಿಲ್ಲ.

ಅದೇ ದಿನ, ನಾಲ್ಕು ಗಂಟೆ

ಒಂದೇ ಸಾಲು ತಿದ್ದಿದೆ. ಪದ ಹೊಂದದಿದ್ದರೆ ಕಲಿಸುವ ಗೊಂಬೆಯೂ ಎದುರಿನವಳ ಪದವನ್ನು ನೆನಪಿಟ್ಟುಕೊಳ್ಳಲಿ, ಮುಂದಿನ ಸಲ ಬಳಸಿ ನೋಡಲಿ.

ಓಡಿಸಿದೆ. ಹತ್ತು ತಲೆಮಾರು... ನಲವತ್ತು... ನೂರು. ಒಂದೂ ಸುಮ್ಮನಾಗಲಿಲ್ಲ. ಮೊದಲಿದ್ದ ಪದಗಳು ಎಷ್ಟೋ ಉಳಿಯಲಿಲ್ಲ. ಅವುಗಳ ಜಾಗದಲ್ಲಿ ಬೇರೆ ಬಂದವು, ಮಾತು ನಿಲ್ಲಲಿಲ್ಲ. ಪರದೆ ತುಂಬ ವಟವಟ.

ಖುಷಿಪಡಬೇಕಿತ್ತು. ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಕಾರ್ಡು, ಕಿಟಕಿ, ಅಕ್ಕ ಮಾತು ಬಿಟ್ಟದ್ದು, ಎಲ್ಲ ಕೇಳಿದರು.

"ನಾನು ಮಾತಾಡಿಸಿ ಅಂದೆ. ತಿದ್ದಿ ಅಂತ ಯಾವಾಗ ಹೇಳಿದೆ?"

ಆಮೇಲೆ ಅವರೇ ಅಂದರು: "ಅವರ ಪದದಲ್ಲೇ ಶುರು ಮಾಡಿ. ಕೋಪ ಇಳೀಲಿ ಮೊದಲು."

ಮಾರ್ಚ್ ೨೧

ಮಾತ್ರೆ ಹಿಡಿದು ನಿಂತೆ. "ಅಕ್ಕ, ಗುಂಡಿ."

ಅಕ್ಕ ಸರಕ್ಕನೆ ತಿರುಗಿದಳು. ಕಣ್ಣಲ್ಲಿ ನೀರು. ಅಣಕಿಸುತ್ತಿದ್ದೇನೆ ಅಂದುಕೊಂಡಳು. ಮಾತ್ರೆ ಕಿತ್ತುಕೊಂಡು ನುಂಗಿದಳು, ನೀರು ಕೂಡ ಕುಡಿಯಲಿಲ್ಲ.

ಕಾಲ ಬಳಿ ಕೂತೆ. "ಅಣಕ ಅಲ್ಲಕ್ಕ. ನಿನ್ನ ಮಾತು ಕಲೀತಿದೀನಿ. ನನಗೆ ಬರಲ್ಲ." ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಮಾರ್ಚ್ ೨೪

ಕತ್ತರಿಯಲ್ಲಿ ಗಂಜಿ ಕುಡಿಸಿದೆ. ಬೆಳಿಗ್ಗೆ ಜೇಬು ತೆರೆದೆ, ಸಂಜೆ ಜೇಬು ಮಡಚಿದೆ. ಕಾರ್ಡುಗಳನ್ನು ಅಟ್ಟಕ್ಕೆ ಹಾಕಿದೆ. ಅಕ್ಕ ಎಲ್ಲವನ್ನೂ ನೋಡುತ್ತಾಳೆ, ಕೊಟ್ಟ ಬಟ್ಟೆಯ ಹೊಲಿಗೆ ಪರೀಕ್ಷಿಸುವ ಹಾಗೆ. ಮಾತಿಲ್ಲ.

ಮಾರ್ಚ್ ೨೮, ಬೆಳಿಗ್ಗೆ

ತಲೆ ಬಾಚಲು ಕೂತೆ. ಬಾಚಣಿಗೆಗೆ ಅವಳ ಪದ ಏನೋ, ನನಗೆ ಗೊತ್ತಿಲ್ಲ. ಯಾವತ್ತೂ ಅಂದೇ ಇಲ್ಲ. ಅಂದಾಜಿಗೆ ಒಂದು ಬಿಟ್ಟೆ.

"ಅಕ್ಕ, ಸೂಜಿ ಕೊಡು."

ಬಾಚಣಿಗೆ ಅವಳ ಮಡಿಲಲ್ಲಿತ್ತು. ಕೊಡಲಿಲ್ಲ. ಹುಬ್ಬು ಗಂಟಿಕ್ಕಿದಳು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಳು, ಝರ್ ಅಂತ.

"ಅಲ್ಲ. ಜಿಪ್ಪು."

ಆ "ಅಲ್ಲ" ಥೇಟ್ ನನ್ನದೇ! ಅದೇ ರಾಗ, ಅದೇ ತಲೆ ಅಲ್ಲಾಡಿಸುವುದು. ನಕ್ಕೆ. ಅವಳೂ ನಕ್ಕಳು — ಬಾಯಿಯ ಒಂದೇ ಕಡೆಯಿಂದ. ಎರಡು ವಾರದ ಮೇಲೆ ಅವಳ ದನಿ ಕೇಳಿದ್ದು. ಬೈಸಿಕೊಂಡು ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಆಫೀಸಿಗೆ ರಜಾ ಹಾಕಿದೆ.

ಏಪ್ರಿಲ್ ೨

ವಟವಟ. ಇಡೀ ದಿನ ವಟವಟ. ಫ್ರಿಜ್ಜಿಗೆ ಅವಳು "ಬೀರು" ಅಂದಳು, ಅಂಗಡಿಯಲ್ಲಿ ಬಟ್ಟೆ ಇಡುತ್ತಿದ್ದ ಬೀರು; ನಾನು "ತಣ್ಣನೆ ಬೀರು" ಅಂದೆ, ಸಂಜೆಗೆ ಅವಳೂ "ತಣ್ಣನೆ" ಅನ್ನತೊಡಗಿದಳು. ಈಗ ಅದು ಇಬ್ಬರದೂ ಪದ. ಇನ್ನೊಂದು ವಿಷಯ — ಊಟದ ಹೊತ್ತಲ್ಲಿ "ಚಮಚ" ಅಂದಳು. ತಾನಾಗಿ. ನಾನು ಗಮನಿಸದವಳಂತೆ ಕತ್ತರಿ ಕೊಟ್ಟೆ.

ಸಂಜೆ ಮನೆಗೆ ಬಂದ ಗೊಣಗಪ್ಪನಿಗೆ ಹೇಳಿದೆ. "ಇಬ್ಬರೇ ಇರೋ ಭಾಷೆ. ವ್ಯಾಕರಣ ಬರೆದುಬಿಡು, ಓದೋರಿಲ್ಲ" ಅಂದ. ಹೋಗುವಾಗ ಅಕ್ಕನಿಗೆ ಅಂತ ಕಿತ್ತಳೆ ಹಣ್ಣಿನ ಚೀಲ ಇಟ್ಟುಹೋದ.

ಏಪ್ರಿಲ್ ೯, ಸಂಜೆ

ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ. ಈಗಷ್ಟೇ ಕರೆದಳು. ಕೈ ತಟ್ಟಲಿಲ್ಲ, ಬಾಯಲ್ಲೇ —

"ಟೇಪು."

"ಕೊರಳಲ್ಲೇ ಇದೆಯಲ್ಲಕ್ಕ."

ಮುಟ್ಟಿ ನೋಡಿಕೊಂಡಳು. ತಲೆ ಅಲ್ಲಾಡಿಸಿದಳು.

"ಇನ್ನೊಂದು."

ಇನ್ನೊಂದು ಎಲ್ಲಿಂದ ತರಲಿ ಅಂತ ಎದ್ದು ಹೊಲಿಗೆ ಪೆಟ್ಟಿಗೆ ತೆಗೆದೆ. ಡ್ರಾಯರ್ ಹುಡುಕಿದೆ. ಇಲ್ಲ. ಇಲ್ಲ ಅಂತ ಬರೆಯಲು ಕೂತೆ, ಪೆನ್ನು ಹಿಡಿದೆ, ಆಗ —

ದಡ್ಡಿ ನಾನು. ಬಾಯಿ ಇರುವ ಟೇಪು ಕೇಳುತ್ತಿದ್ದಾಳೆ. ಅಲ್ಲಿ ಎಡಗೈಯಿಂದ ತನ್ನ ಹೆಗಲು ತಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಮತ್ತೆ ಕರೆಯುತ್ತಿದ್ದಾಳೆ. ಬಂದೆ ಅಕ್ಕ, ಇಲ್ಲೇ ಇ